ನೆತ್ತಿಯ ಮಿಡಿಯುವ ಗಂಟಿಗೆ ಬೆಂಗಳೂರಿನಲ್ಲಿ ದೊರೆತ ಚಿಕಿತ್ಸೆ: ಒಂದು ವಿಮರ್ಶೆ

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತನಾಳಗಳ ವಿಕಾರಕ್ಕೆಂದೇ ವಾರದ ಗೊತ್ತಾದ ದಿನ ನಡೆಯುವ ಹೊರರೋಗಿ ವಿಭಾಗವಿದೆ. ಸ್ಕ್ಯಾನ್ ಚಿತ್ರಗಳನ್ನು ನೋಡುತ್ತ ನಾಳದೊಳಗಿಂದಲೇ ಚಿಕಿತ್ಸೆ ನೀಡುವ ಇಂಟರ್ವೆನ್ಷನಲ್ ರೇಡಿಯಾಲಜಿಯ ವೈದ್ಯರು, ನರಶಸ್ತ್ರಚಿಕಿತ್ಸಕರು ಮತ್ತು ಪ್ಲಾಸ್ಟಿಕ್ ಸರ್ಜನ್ ಅಂದು ಅಕ್ಕಪಕ್ಕದ ಕೊಠಡಿಗಳಲ್ಲಿ ರೋಗಿಗಳನ್ನು ನೋಡುತ್ತಾರೆ. ನನ್ನ ತಮ್ಮನ ತಲೆಯ ಬಲಮಗ್ಗುಲಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ, ಅಪಧಮನಿ ಅಭಿಧಮನಿಗಳು ನೇರವಾಗಿ ಕೂಡಿಕೊಂಡು ಬೆಳೆದಿದ್ದ ಗಂಟಿನ ತಪಾಸಣೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಎಲ್ಲವೂ ಅಲ್ಲಿಯೇ ನಡೆಯಿತು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಾಯಿಲೆಯನ್ನು ಗುರುತಿಸುವುದರಲ್ಲಿ ಈ ವಿಭಾಗ ತೋರಿದ ಎಚ್ಚರ ಅಪರೂಪದ್ದು; ಮಾಡಿದ್ದನ್ನು ಕಾಗದದ ಮೇಲೆ ಇಳಿಸುವುದರಲ್ಲಿ ತೋರಿದ ಉದಾಸೀನವೂ ಅಷ್ಟೇ ಎದ್ದು ಕಾಣುವಂಥದ್ದು.

ಗಂಟು ಶುರುವಾದಾಗ ಕಡಲೆಕಾಳಿನಷ್ಟಿತ್ತು. ಅದಕ್ಕೂ ಕೆಲವು ವರ್ಷ ಹಿಂದೆ ತೀರ್ಥಹಳ್ಳಿಯ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಕೊಯ್ಲಿನ ಸಮಯದಲ್ಲಿ ದೋಟಿ ಜಾರಿ ಅವನ ತಲೆಗೆ ಅದೇ ಜಾಗದಲ್ಲಿ ಬಡಿದಿತ್ತು. ಊತ ಇಳಿದ ಮೇಲೆ ಯಾರೂ ಅದನ್ನು ನೆನಪಿನಲ್ಲಿಟ್ಟುಕೊಂಡಿರಲಿಲ್ಲ. ಗಂಟು ನಿಧಾನವಾಗಿ ದಪ್ಪವಾಗಿ, ಅದರಿಂದ ಹುಳುವಿನಂತೆ ಸುತ್ತಿಕೊಂಡ ನಾಳಗಳು ಹಣೆಯವರೆಗೆ ಹರಡಿ, ರಾತ್ರಿ ಬಲಮಗ್ಗುಲಾಗಿ ಮಲಗಿದರೆ ಕಿವಿಯೊಳಗೆ ಎದೆಬಡಿತದ ಲಯದಲ್ಲಿ ಸದ್ದು ಕೇಳತೊಡಗಿದಾಗ ಅವನು ಊರಿನ ಹತ್ತಿರದ ಕ್ಲಿನಿಕ್ಕಿಗೆ ಹೋದ. ಅಲ್ಲಿ ಅದನ್ನು ಕೊಬ್ಬಿನ ಗಂಟು ಎಂದು ತೀರ್ಮಾನಿಸಿ, ಆ ಜಾಗಕ್ಕಷ್ಟೇ ಅರಿವಳಿಕೆ ಚುಚ್ಚಿ ತೆಗೆದುಬಿಡುವುದಾಗಿ ಹೇಳಿದರು. ಬೆರಳಿಟ್ಟು ನೋಡಿದ್ದರೆ ಮಿಡಿತ ತಿಳಿಯುತ್ತಿತ್ತು. ನೆತ್ತಿಯ ರಕ್ತನಾಳಗಳು ಚರ್ಮದ ಕೆಳಗಿನ ಗಟ್ಟಿ ನಾರಿನ ಪದರದಲ್ಲಿ ಹುದುಗಿರುತ್ತವೆ. ಆ ನಾರುಗಳು ನಾಳದ ಗೋಡೆಯನ್ನು ಎಳೆದು ಹಿಡಿದಿರುವುದರಿಂದ ಕತ್ತರಿಸಿದ ತುದಿ ಒಳಕ್ಕೆ ಸರಿದು ಮುಚ್ಚಿಕೊಳ್ಳುವುದಿಲ್ಲ. ಸಾಮಾನ್ಯ ನೆತ್ತಿಯ ಗಾಯವೇ ಅಷ್ಟೊಂದು ರಕ್ತ ಸುರಿಸುವುದು ಈ ಕಾರಣಕ್ಕೆ. ಅಪಧಮನಿಗಳೇ ಹೆಣೆದುಕೊಂಡ ಗಂಟಿಗೆ ಸಣ್ಣ ಕ್ಲಿನಿಕ್ಕಿನಲ್ಲಿ ಕತ್ತಿ ತಾಗಿದ್ದರೆ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಕೊಯ್ಲು ಮುಗಿಯಲಿ ಎಂದು ಅವನು ದಿನ ಮುಂದೂಡಿದ್ದು ನಮ್ಮ ಪುಣ್ಯ.

ಮಧ್ಯೆ ಒಂದು ಸ್ಕ್ಯಾನ್ ಕೇಂದ್ರದ ವರದಿಯೂ ನಮ್ಮ ಕೈಯಲ್ಲಿತ್ತು. ಅದರಲ್ಲಿ ಬರೆದಿದ್ದ ಕಾಯಿಲೆ ಹಿಮ್ಯಾಂಜಿಯೋಮ. ಕೆಂಪಗೆ, ನೀಲಿಯಾಗಿ ಅಥವಾ ಉಬ್ಬಿಕೊಂಡು ಕಾಣುವ ರಕ್ತನಾಳದ ಎಲ್ಲ ತೊಂದರೆಗಳಿಗೂ ಈ ಒಂದೇ ಚೀಟಿ ಅಂಟಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 1982ರಲ್ಲಿಯೇ ಅಮೆರಿಕದ ಸಂಶೋಧಕರಾದ ಮುಲಿಕೆನ್ ಮತ್ತು ಗ್ಲೊವಾಕಿ ಹಿಮ್ಯಾಂಜಿಯೋಮವನ್ನೂ ರಕ್ತನಾಳದ ವಿಕೃತ ರಚನೆಯನ್ನೂ ಬೇರ್ಪಡಿಸಿದ್ದರು. ಹಿಮ್ಯಾಂಜಿಯೋಮ ಎಂಬುದು ಜೀವಕೋಶಗಳು ವೃದ್ಧಿಸಿ ಬೆಳೆಯುವ ಗಡ್ಡೆ. ಸಾಮಾನ್ಯವಾಗಿ ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ವರ್ಷ ಬೆಳೆದು, ಆಮೇಲೆ ತಾನಾಗಿ ಕುಗ್ಗುತ್ತದೆ. ರಕ್ತನಾಳದ ವಿಕೃತ ರಚನೆ ಹಾಗಲ್ಲ. ಅದು ತಪ್ಪಾಗಿ ಜೋಡಣೆಯಾದ ನಾಳಗಳ ಜಾಲ, ತಾನಾಗಿ ಕರಗುವುದಿಲ್ಲ, ಹರೆಯದಲ್ಲಿ, ಬಸುರಿನಲ್ಲಿ ಅಥವಾ ಪೆಟ್ಟು ಬಿದ್ದ ಮೇಲೆ ಹಿಗ್ಗುವುದೂ ಉಂಟು. ಮಕ್ಕಳ ಹಿಮ್ಯಾಂಜಿಯೋಮಕ್ಕೆ ಪ್ರೊಪ್ರನೊಲಾಲ್ ಎಂಬ, ರಕ್ತದೊತ್ತಡವನ್ನೂ ಎದೆಬಡಿತವನ್ನೂ ತಗ್ಗಿಸುವ ಔಷಧ ಗುಣಕಾರಿಯೆಂದು 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದ ಮೇಲೆ ಅದರ ಚಿಕಿತ್ಸೆಯೇ ಬದಲಾಯಿತು. ಆದರೆ ನನ್ನ ತಮ್ಮನಂಥ ನಡುವಯಸ್ಕನ ಮಿಡಿಯುವ ಗಂಟಿಗೆ ಆ ಮಾತ್ರೆಯಿಂದ ಏನೂ ಆಗುವುದಿಲ್ಲ. ವರದಿಯನ್ನು ನೋಡಿ ಯಾರೋ ಅವನಿಗೆ ಅದನ್ನು ಬರೆದುಕೊಟ್ಟಿದ್ದರು. ನಾಡಿ ನಿಧಾನವಾಗಿ ತಲೆಸುತ್ತು ಬಂದದ್ದೇ ಅದರ ಫಲ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಆ ವಿಭಾಗದ ಮೊದಲ ತಪಾಸಣೆ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿತು. ರೇಡಿಯಾಲಜಿಯ ವೈದ್ಯರು ವರದಿಗಳ ಚೀಲವನ್ನು ಪಕ್ಕಕ್ಕಿಟ್ಟು, ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಅಂಗೈಯನ್ನು ಗಂಟಿನ ಮೇಲಿಟ್ಟುಕೊಂಡೇ ಇನ್ನೊಂದು ಕೈಯ ಬೆರಳಿನಿಂದ ಕಿವಿಯ ಮುಂದೆ, ಕೆನ್ನೆಮೂಳೆಯ ಬುಡದಲ್ಲಿ ಹಾದುಹೋಗುವ ಅಪಧಮನಿಯನ್ನು ಒತ್ತಿ ಹಿಡಿದರು. ನನ್ನ ಕೈಯನ್ನೂ ಗಂಟಿನ ಮೇಲೆ ಇಡಲು ಹೇಳಿದರು. ಮಿಡಿತ ತಟ್ಟನೆ ಅರ್ಧಕ್ಕಿಳಿಯಿತು, ಆದರೆ ನಿಲ್ಲಲಿಲ್ಲ. ಆಮೇಲೆ ಕಿವಿಯ ಹಿಂದೆ, ತಲೆಬುರುಡೆಯ ಹಿಂಭಾಗದ ನಾಳವನ್ನೂ ಒತ್ತಿದಾಗ ಗಂಟು ಮೆತ್ತಗಾಗಿ ಅಂಗೈಯಡಿ ಕುಸಿದಂತಾಯಿತು; ಎರಡೂ ಬೆರಳು ತೆಗೆದೊಡನೆ ಮತ್ತೆ ಬಿಗಿಯಿತು. ಈ ಗಂಟಿಗೆ ಎರಡು ಕಡೆಯಿಂದ ರಕ್ತ ಬರುತ್ತಿದೆ, ಮೂರನೆಯದೂ ಇರಬಹುದು ಎಂದು ಅವರು ಯಾವ ಯಂತ್ರವೂ ಇಲ್ಲದೆ ಹೇಳಿದರು. ಬಳಿಕ ಸ್ಟೆತಾಸ್ಕೋಪ್ ಇಟ್ಟು ಒಳಗಿನ ಸದ್ದನ್ನು ಅವನಿಗೇ ಕೇಳಿಸಿದರು. ಮಲಗಿಸಿ, ತಲೆಯನ್ನು ಮಂಚದಿಂದ ಕೆಳಕ್ಕೆ ಇಳಿಸಿ, ಉಸಿರು ಬಿಗಿಹಿಡಿಸಿಯೂ ನೋಡಿದರು. ತಲೆ ತಗ್ಗಿಸಿದಾಗ ಉಬ್ಬಿ ಎದ್ದು ನಿಂತಾಗ ಮಾಯವಾಗುವ, ಆದರೆ ಮಿಡಿಯದ ಗಂಟಾಗಿದ್ದರೆ ಅದಕ್ಕೂ ತಲೆಬುರುಡೆಯೊಳಗಿನ ದೊಡ್ಡ ಅಭಿಧಮನಿಗೂ ಮೂಳೆಯ ರಂಧ್ರದ ಮೂಲಕ ನಂಟಿರಬಹುದು. ಸೈನಸ್ ಪೆರಿಕ್ರೇನಿಯೈ ಎಂಬ ಆ ಸ್ಥಿತಿಯಲ್ಲಿ ಮೆದುಳಿನ ರಕ್ತ ಹೊರಹೋಗಲು ಅದೇ ಮುಖ್ಯ ದಾರಿಯಾಗಿದ್ದರೆ ಅದನ್ನು ಮುಚ್ಚುವುದೇ ಅಪಾಯ. ತಲೆಗೆ ಯಾವಾಗಲಾದರೂ ಏಟು ಬಿದ್ದಿತ್ತೇ ಎಂದು ಕೇಳಿದವರೂ ಇವರೇ ಮೊದಲಿಗರು. ನೆತ್ತಿಯ ಇಂಥ ಗಂಟುಗಳು ಹುಟ್ಟಿನಿಂದ ಬಂದಿರಬಹುದು, ಇಲ್ಲವೇ ಪೆಟ್ಟಿನಿಂದ ಅಪಧಮನಿ, ಅಭಿಧಮನಿಗಳ ಗೋಡೆ ಒಟ್ಟಿಗೆ ಹರಿದು ನೇರ ಸಂಪರ್ಕ ಏರ್ಪಟ್ಟು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಲೆದೋರಬಹುದು.

ಅಂದೇ ಮಾಡಿದ, ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸ್ಕ್ಯಾನ್ ಈ ಊಹೆಯನ್ನು ಗಟ್ಟಿಮಾಡಿತು. ನೆತ್ತಿಗೆ ಹೋಗುವ ಸಾಮಾನ್ಯ ಅಪಧಮನಿಯಲ್ಲಿ ಹೃದಯ ಕುಗ್ಗಿದಾಗ ರಕ್ತ ಜೋರಾಗಿ ನುಗ್ಗಿ, ಹೃದಯ ಸಡಿಲಗೊಂಡಾಗ ಹರಿವು ಬಹುತೇಕ ತಗ್ಗುತ್ತದೆ. ಪರದೆಯ ಮೇಲೆ ಚೂಪಾದ ಶಿಖರಗಳೂ ಅವುಗಳ ನಡುವೆ ತಗ್ಗುಗಳೂ ಕಾಣುತ್ತವೆ. ತಮ್ಮನ ನಾಳದಲ್ಲಿ ತಗ್ಗೇ ಇರಲಿಲ್ಲ. ನಡುವೆ ಇರಬೇಕಾದ ಲೋಮನಾಳಗಳ ಅಡೆತಡೆಯಿಲ್ಲದೆ ರಕ್ತ ನೇರವಾಗಿ ಅಭಿಧಮನಿಗೆ ಸುರಿಯುತ್ತಿದ್ದುದರಿಂದ ಹರಿವು ಒಂದು ಕ್ಷಣವೂ ತಗ್ಗುತ್ತಿರಲಿಲ್ಲ. ಅಭಿಧಮನಿಯಲ್ಲಿಯೂ ಮಿಡಿತ ಕಾಣುತ್ತಿತ್ತು. ಹಿಂದಿನ ಸ್ಕ್ಯಾನ್ ಕೇಂದ್ರದವರ ಹತ್ತಿರವೂ ಇಂಥದ್ದೇ ಯಂತ್ರವಿತ್ತು. ಅಲ್ಲಿ ಬಣ್ಣದ ಚಿತ್ರ ತೆಗೆದರೇ ಹೊರತು ಹರಿವಿನ ರೇಖೆಯನ್ನು ಅಳೆದಿರಲಿಲ್ಲ. ವೇಗದ ಹರಿವೋ ನಿಧಾನದ ಹರಿವೋ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಚಿಕಿತ್ಸೆಯ ಅರ್ಧ ದಾರಿ ಸ್ಪಷ್ಟವಾಗುತ್ತದೆ. ಬರಿಯ ಅಭಿಧಮನಿಗಳ ನಿಧಾನ ಹರಿವಿನ ವಿಕಾರಕ್ಕೆ ಚರ್ಮದ ಮೂಲಕ ಸೂಜಿ ಚುಚ್ಚಿ, ನಾಳವನ್ನು ಒಳಗಿನಿಂದ ಬಾಡಿಸುವ ಔಷಧ ಕೊಟ್ಟರೆ ಎಷ್ಟೋ ಸಲ ಸಾಕಾಗುತ್ತದೆ. ವೇಗದ ಹರಿವಿನ ಗಂಟಿಗೆ ಅದನ್ನೇ ಮಾಡಿದರೆ ಔಷಧ ಅಲ್ಲಿ ನಿಲ್ಲದೆ ಕೊಚ್ಚಿಕೊಂಡು ಹೋಗುತ್ತದೆ.

ಎಂಆರ್‌ಐ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಟು ತಲೆಬುರುಡೆಯ ಹೊರಗೇ ಇದೆ, ಮೆದುಳಿನ ಪೊರೆಗಳ ನಾಳಗಳಿಗೆ ಅದರ ಸಂಬಂಧವಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ಅದು ಬೇಕಿತ್ತು. ಸಮಯಕ್ಕೆ ಸರಿಯಾಗಿ ಮುಗಿಯಿತು.

ಆ ಮೊದಲ ತಪಾಸಣೆಯ ದಿನ ತಮ್ಮ ಕೇಳಿದ ಪ್ರಶ್ನೆಗೆ ದೊರೆತ ಉತ್ತರವನ್ನು ಮಾತ್ರ ಬರೆಯಲೇಬೇಕು. "ಸಾರ್, ರಕ್ತ ಬರುವ ಆ ಎರಡು ನಾಳಗಳನ್ನೇ ಕಟ್ಟಿಬಿಟ್ಟರೆ ಗಂಟು ಬಾಡುವುದಿಲ್ಲವೇ?" ಎಂದು ಅವನು ಕೇಳಿದ. ಅದು ಹಿಂದೆ ಶಸ್ತ್ರಚಿಕಿತ್ಸಕರು ಮಾಡುತ್ತಿದ್ದ ಕೆಲಸವೇ ಎಂದು ನರಶಸ್ತ್ರಚಿಕಿತ್ಸಕರು ಹೇಳಿ, ಹಾಗೆ ಮಾಡಿದರೆ ಕೆಲವು ತಿಂಗಳು ಗಂಟು ಕುಗ್ಗಿದಂತೆ ಕಂಡರೂ ಸುತ್ತಲಿನ, ತಲೆಯ ಇನ್ನೊಂದು ಬದಿಯ ಸಣ್ಣ ನಾಳಗಳೆಲ್ಲ ದಪ್ಪವಾಗಿ ಅದಕ್ಕೆ ರಕ್ತ ಒದಗಿಸತೊಡಗುತ್ತವೆ, ಅಷ್ಟು ಹೊತ್ತಿಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ತೂರಿಸಲು ಇದ್ದ ಒಳ್ಳೆಯ ದಾರಿಯನ್ನು ನಾವೇ ಮುಚ್ಚಿಕೊಂಡಿರುತ್ತೇವೆ ಎಂದು ವಿವರಿಸಿದರು. "ಕಾಲುವೆಗೆ ಒಂದು ಕಡೆ ಮಣ್ಣು ಹಾಕಿದರೆ ನೀರು ಇನ್ನೊಂದು ಕಡೆ ದಾರಿ ಮಾಡಿಕೊಂಡ ಹಾಗೆ" ಎಂದು ತಮ್ಮನೇ ಅದನ್ನು ಮುಗಿಸಿದ. ನಾಳಗಳ ಗೋಜಲಿನ ಕೇಂದ್ರವನ್ನೇ, ನೈಡಸ್ ಎಂದು ಅವರು ಕರೆಯುವ ಭಾಗವನ್ನೇ ಮುಚ್ಚಬೇಕು ಅಥವಾ ತೆಗೆಯಬೇಕು. ಉಳಿದದ್ದೆಲ್ಲ ಅದಕ್ಕೆ ಸಿದ್ಧತೆ. ತೊಂದರೆ ಕೊಡದ ಸಣ್ಣ ಗಂಟನ್ನು ಸುಮ್ಮನೆ ಗಮನಿಸುತ್ತ ಇರುವುದೂ ಒಂದು ಆಯ್ಕೆಯೆಂದೂ, ಆದರೆ ಚರ್ಮ ತೆಳುವಾಗಿ ಹೊಳೆಯುತ್ತಿರುವ ಈ ಸ್ಥಿತಿಯಲ್ಲಿ ಕಾಯುವುದು ಬೇಡವೆಂದೂ ಅವರು ಹೇಳಿದ್ದು ನನಗೆ ಪ್ರಾಮಾಣಿಕವೆನಿಸಿತು. ಮೊದಲ ಭೇಟಿಯಲ್ಲಿಯೇ ಆಪರೇಷನ್ ದಿನಾಂಕ ಬರೆದುಕೊಡುವ ಆತುರ ಅಲ್ಲಿ ಕಾಣಲಿಲ್ಲ.

ಮೊದಲ ದೂರು, ನಾಳಗಳನ್ನು ಎಕ್ಸ್-ರೇಯಲ್ಲಿ ನೋಡುವ ಆಂಜಿಯೋಗ್ರಾಂ ದಿನದ್ದು. ಬೆಳಗಿನಿಂದ ಉಪವಾಸವಿದ್ದ ರೋಗಿಯನ್ನು ಮಧ್ಯಾಹ್ನ ಕಳೆದರೂ ಒಳಗೆ ಕರೆಯಲಿಲ್ಲ. ಪಾರ್ಶ್ವವಾಯು ಬಡಿದ ರೋಗಿಯೊಬ್ಬರು ತುರ್ತಾಗಿ ಬಂದಿದ್ದರಿಂದ ಈ ಪರೀಕ್ಷೆ ನಡೆಯುವ ಕೊಠಡಿ, ಕ್ಯಾತ್ ಲ್ಯಾಬ್, ಅವರಿಗೆ ಹೋಗಿತ್ತು. ಅದು ನ್ಯಾಯವೇ, ಅಂಥವರಿಗೆ ನಿಮಿಷಗಳೂ ಮುಖ್ಯ. ಆದರೆ ಅಷ್ಟನ್ನು ಬಂದು ಹೇಳುವ ಒಬ್ಬರು ವಾರ್ಡಿನಲ್ಲಿರಲಿಲ್ಲ. ಕೇಳಿದಾಗಲೆಲ್ಲ "ಕರೀತಾರೆ, ಕೂತ್ಕೊಳ್ಳಿ" ಎಂಬ ಉತ್ತರವೇ ಬರುತ್ತಿತ್ತು. ಸಂಜೆಯ ಪಾಳಿಗೆ ಬಂದ ಸಿಸ್ಟರ್ ಮಾತ್ರ ಕಾರಣ ತಿಳಿಸಿ, ತಮ್ಮನಿಗೆ ಡ್ರಿಪ್ ಹಾಕಿಸಿದರು.

ಒಳಗಿನ ಕೆಲಸ ಹೊರಗಿನಷ್ಟು ಅಸ್ತವ್ಯಸ್ತವಾಗಿರಲಿಲ್ಲ. ತೊಡೆಸಂದಿನ ಅಪಧಮನಿಯ ಮೂಲಕ ತೂರಿಸಿದ ಕ್ಯಾತಿಟರ್‌ನಿಂದ ಬಲಗಡೆಯ ಬಾಹ್ಯ ಕೆರಾಟಿಡ್ ನಾಳದ, ಅಂದರೆ ಕತ್ತಿನಿಂದ ಮುಖಕ್ಕೂ ನೆತ್ತಿಗೂ ಹೋಗುವ ಅಪಧಮನಿಯ ಚಿತ್ರವಷ್ಟೇ ತೆಗೆದು ಮುಗಿಸಬಹುದಿತ್ತು. ಅವರು ಎರಡೂ ಬದಿಯ ಬಾಹ್ಯ ಹಾಗೂ ಆಂತರಿಕ ಕೆರಾಟಿಡ್ ನಾಳಗಳ ಚಿತ್ರಗಳನ್ನು ಬೇರೆಬೇರೆಯಾಗಿ ತೆಗೆದರು. ಇದಕ್ಕೆ ಕಾರಣಗಳಿವೆ. ನೆತ್ತಿಯ ನಾಳಗಳು ನಡುಗೆರೆಯನ್ನು ದಾಟಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ಹುಬ್ಬಿನ ಮೇಲೆ ಹತ್ತುವ ಎರಡು ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಕೊಡುವ ನಾಳದ, ಅಂದರೆ ಆಂತರಿಕ ಕೆರಾಟಿಡ್‌ನ ಕವಲುಗಳು. ಹಣೆಯ ಕಡೆಯಿಂದ ಗಂಟಿಗೆ ರಕ್ತ ಬರುತ್ತಿದ್ದು, ಅದು ಗೊತ್ತಿಲ್ಲದೆ ಮುಂದೆ ನಾಳ ಮುಚ್ಚುವ ಅಂಟನ್ನು ಒತ್ತಿದರೆ ಆ ಅಂಟು ಹಿಮ್ಮುಖವಾಗಿ ಕಣ್ಣಿನ ನಾಳ ಸೇರಿ ದೃಷ್ಟಿ ಹೋಗಬಹುದು. ಎಕ್ಸ್-ರೇಯಲ್ಲಿ ಕಾಣುವ ದ್ರವ ಹಾಯಿಸಿದಾಗ ಮುಖದ ಅರ್ಧಭಾಗ ಬಿಸಿಯೇರುತ್ತದೆ, ಆಗ ಉಗುಳನ್ನೂ ನುಂಗಬಾರದು ಎಂದು ಮೊದಲೇ ಹೇಳಿಕೊಟ್ಟಿದ್ದರಿಂದ ತಮ್ಮನಿಗೆ ಗಾಬರಿಯಾಗಲಿಲ್ಲ. ತಲೆಯ ನಾಳಗಳನ್ನು ಹೀಗೆ ಎಕ್ಸ್-ರೇಯಲ್ಲಿ ನೋಡುವ ವಿಧಾನವನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ ತೋರಿಸಿದ್ದು 1927ರಲ್ಲಿ. ಇಷ್ಟೆಲ್ಲ ಸ್ಕ್ಯಾನ್‌ಗಳು ಬಂದಿದ್ದರೂ ನಾಳದೊಳಗಿನ ಹರಿವಿನ ಕ್ರಮವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪರೀಕ್ಷೆಯಿಲ್ಲ. ಮರುದಿನ ವೈದ್ಯರು ಆ ಚಿತ್ರಗಳನ್ನು ನಮ್ಮೆದುರು ಓಡಿಸಿ ತೋರಿಸಿದಾಗ, ಬೆರಳಿನಿಂದ ಊಹಿಸಿದ್ದ ಎರಡು ನಾಳಗಳೂ ಅಲ್ಲಿದ್ದವು. ಮೂರನೆಯದು ಎಡಗಡೆಯಿಂದ ನಡುಗೆರೆ ದಾಟಿ ಬರುತ್ತಿತ್ತು. ಹುಬ್ಬಿನ ಕಡೆಯಿಂದ ಏನೂ ಬರುತ್ತಿರಲಿಲ್ಲ.

ಚಿಕಿತ್ಸೆಯನ್ನು ಎರಡು ಹಂತಗಳಲ್ಲಿ ಮಾಡಿದರು: ಮೊದಲು ಎಂಬೋಲೈಸೇಶನ್, ಅಂದರೆ ನಾಳಗಳನ್ನು ಒಳಗಿನಿಂದ ಮುಚ್ಚುವುದು, ಅದರ ಬೆನ್ನಿಗೇ ಶಸ್ತ್ರಚಿಕಿತ್ಸೆ. ನಾಳ ಮುಚ್ಚಲು ಯಾವ ವಸ್ತು ಬಳಸುತ್ತೀರಿ ಎಂದು ಕೇಳಿದ್ದಕ್ಕೆ ಸಿಕ್ಕ ವಿವರಣೆ ತೃಪ್ತಿಕರವಾಗಿತ್ತು. ಒಂದು ಬಗೆ ಎನ್‌ಬಿಸಿಎ ಎಂಬ ಅಂಟು. ರಕ್ತ ತಾಗಿದೊಡನೆ ಗಟ್ಟಿಯಾಗುತ್ತದೆ, ಆದ್ದರಿಂದ ಕ್ಯಾತಿಟರ್‌ನಲ್ಲಿಯೇ ಹೆಪ್ಪುಗಟ್ಟದಂತೆ ಮೊದಲು ಡೆಕ್ಸ್‌ಟ್ರೋಸ್ ದ್ರವದಿಂದ ತೊಳೆದು, ಎಕ್ಸ್-ರೇಯಲ್ಲಿ ಕಾಣುವ ಎಣ್ಣೆಯೊಂದಿಗೆ ಬೆರೆಸಿ ಬಿಡಬೇಕು. ಇನ್ನೊಂದು ಆನಿಕ್ಸ್, ಇದು ನಿಧಾನವಾಗಿ ಹರಿದು ಗೋಜಲಿನ ಆಳಕ್ಕೆ ಇಳಿಯುತ್ತದೆ, ಆದರೆ ಅದರಲ್ಲಿರುವ ಟ್ಯಾಂಟಲಮ್ ಲೋಹದ ಪುಡಿ ಕಪ್ಪಗಿರುವುದರಿಂದ ತೆಳುವಾದ ಚರ್ಮದಡಿ ಹಚ್ಚೆಯಂತೆ ಕಾಣಿಸಬಹುದು, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ಸುಡುವ ವಿದ್ಯುತ್ ಕಾಟರಿ ತಾಗಿದರೆ ಕಿಡಿ ಹಾರಬಹುದು. ಬೆಲೆಯೂ ಹೆಚ್ಚು, 1.5 ಮಿಲಿಲೀಟರಿನ ಒಂದೊಂದು ಸೀಸೆಯ ಲೆಕ್ಕದಲ್ಲಿ ಬಿಲ್ ಏರುತ್ತದೆ. ತಮ್ಮನಿಗೆ ಅಂಟನ್ನೇ ಆರಿಸಿದರು. ಸ್ವಲ್ಪ ಭಾಗವನ್ನು ಕ್ಯಾತಿಟರ್ ಮೂಲಕ, ಉಳಿದದ್ದನ್ನು ನೆತ್ತಿಯ ಮೇಲಿಂದ ನೇರವಾಗಿ ಗಂಟಿಗೆ ಸೂಜಿ ಚುಚ್ಚಿ ಕೊಟ್ಟರು. ಅಂಟು ಅಭಿಧಮನಿಯ ಕಡೆಗೆ ಜಾರದಂತೆ ಆ ಹೊತ್ತಿನಲ್ಲಿ ಗಂಟಿನ ಸುತ್ತ ಉಂಗುರದಂಥ ಸಾಧನದಿಂದ ಒತ್ತಿ ಹಿಡಿದಿದ್ದರಂತೆ. ಇದೆಲ್ಲ ಪೂರ್ಣ ಅರಿವಳಿಕೆಯಲ್ಲಿ ನಡೆದುದರಿಂದ ಅವನಿಗೆ ನೆನಪಿರುವುದು ಎಚ್ಚರವಾದ ಮೇಲಿನ ತಲೆಭಾರ ಮತ್ತು ಕಾಲು ಮಡಿಸಬಾರದೆಂಬ ಕಟ್ಟಪ್ಪಣೆ ಮಾತ್ರ. ಕಿವಿಯ ಸದ್ದು ಅಂದೇ ನಿಂತಿತ್ತು.

ಸದ್ದು ನಿಂತಿತಲ್ಲ, ಇನ್ನು ಆಪರೇಷನ್ ಏಕೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಸಹಜ. ಸಣ್ಣ ಗಂಟಿಗೆ, ಅದರಲ್ಲಿಯೂ ಪೆಟ್ಟಿನಿಂದಾದ ಒಂದೇ ಸಂಪರ್ಕವಿರುವ ಗಂಟಿಗೆ ಎಂಬೋಲೈಸೇಶನ್ ಒಂದೇ ಸಾಕಾಗುವುದುಂಟು. ಹಲವು ನಾಳಗಳಿಂದ ರಕ್ತ ಪಡೆಯುವ ದೊಡ್ಡ ಗಂಟಿನಲ್ಲಿ ಉಳಿದ ಚೂರು ಮತ್ತೆ ಬೆಳೆಯುತ್ತದೆ, ಜೊತೆಗೆ ಗಟ್ಟಿಯಾದ ಅಂಟಿನ ಉಂಡೆ ಚರ್ಮದಡಿ ಹಾಗೇ ಉಳಿಯುತ್ತದೆ. ಮುಚ್ಚಿದ ನಾಳಗಳ ಸುತ್ತ ಹೊಸ ದಾರಿಗಳು ತೆರೆದುಕೊಳ್ಳುವ ಮೊದಲೇ, ಅಂದರೆ ಒಂದೆರಡು ದಿನಗಳೊಳಗೆ, ಕತ್ತರಿಸಿ ತೆಗೆಯುವುದು ಒಳ್ಳೆಯದು. ಪ್ಲಾಸ್ಟಿಕ್ ಸರ್ಜನ್ ಜೊತೆಗಿದ್ದುದರ ಬೆಲೆ ಈ ಹಂತದಲ್ಲಿ ತಿಳಿಯಿತು. ಗಂಟಿನ ಮೇಲೆಯೇ ಗೆರೆ ಹಾಕದೆ, ಕೂದಲಿನೊಳಗೆ ಅಡಗುವಂತೆ ಬಿಲ್ಲಿನಾಕಾರದಲ್ಲಿ ಕೊಯ್ದು, ಚರ್ಮವನ್ನು ಹಾಳೆಯಂತೆ ಮಗುಚಿ, ಅದರ ಒಳಮೈಯಿಂದ ಗೋಜಲನ್ನು ಬಿಡಿಸಿದರು. ಇಲ್ಲಿ ಕೈ ಸ್ವಲ್ಪ ಹೆಚ್ಚು ಚರ್ಮದೊಳಕ್ಕೆ ಹೋದರೆ ಕೂದಲಿನ ಬುಡಗಳು ಸತ್ತು ಬೋಳು ಉಳಿಯುತ್ತದೆ, ಚರ್ಮದಿಂದ ದೂರವೇ ನಿಂತರೆ ಕಾಯಿಲೆ ಉಳಿಯುತ್ತದೆ. ತಲೆಯನ್ನು ಪೂರ್ತಿ ಬೋಳಿಸದೆ ಗೆರೆಯುದ್ದಕ್ಕೆ ಮಾತ್ರ ಕೂದಲು ತೆಗೆದಿದ್ದರು. ರಕ್ತ ಕಾದಿರಿಸಿದ್ದರೂ ಕೊಡಬೇಕಾಗಿ ಬರಲಿಲ್ಲ.

ಫಲಿತಾಂಶದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಗೆರೆಯ ಮೇಲ್ಭಾಗದಲ್ಲಿ ಅಂಗೈಯಗಲ ಸ್ಪರ್ಶ ತಿಳಿಯುವುದಿಲ್ಲ. ಕಿವಿಯ ಮುಂದಿನಿಂದ ಹತ್ತುವ ನರದ ದಾರಿಯಲ್ಲಿಯೇ ಕೆಲಸ ನಡೆದುದರಿಂದ ಇದು ನಿರೀಕ್ಷಿತವೇ. ಬಲಹುಬ್ಬು ಕೆಲವು ವಾರ ಮೇಲೇಳಲು ಸೋಮಾರಿತನ ಮಾಡುತ್ತಿದ್ದು ಆಮೇಲೆ ಸರಿಹೋಯಿತು. ನನ್ನ ಆಕ್ಷೇಪವಿರುವುದು ಈ ಎರಡನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂಬುದಕ್ಕೆ. ಹೊರರೋಗಿ ವಿಭಾಗದಲ್ಲಿ ಅಷ್ಟು ಸಮಾಧಾನದಿಂದ ವಿವರಿಸಿದ ಅದೇ ತಂಡ, ಸಹಿಯ ಹೊತ್ತಿಗೆ ಇಂಗ್ಲಿಷಿನ ಮುದ್ರಿತ ಹಾಳೆಗಳನ್ನು ಕಿರಿಯ ವೈದ್ಯರ ಕೈಯಲ್ಲಿ ಕಳಿಸಿತು. ದೃಷ್ಟಿ ಹೋಗುವ ಸಾಧ್ಯತೆಯಿಂದ ಹಿಡಿದು ಚರ್ಮ ಕೊಳೆಯುವವರೆಗೆ ಎಲ್ಲವೂ ಅದರಲ್ಲಿ ಒಂದೇ ಗಾತ್ರದ ಅಕ್ಷರಗಳಲ್ಲಿತ್ತು. ತೋಟದ ಕೆಲಸ ಮಾಡುವವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದವನು ನಾನು.

ಖರ್ಚಿನ ಅಂದಾಜು ಪಟ್ಟಿಯದೂ ಇದೇ ಕತೆ. ಆಂಜಿಯೋಗ್ರಾಂ, ಎಂಬೋಲೈಸೇಶನ್, ಆಪರೇಷನ್ ಮೂರಕ್ಕೂ ಸೇರಿಸಿ ಒಂದು ಒಟ್ಟು ಮೊತ್ತ ಬರೆದುಕೊಟ್ಟರು. ಮೈಕ್ರೋಕ್ಯಾತಿಟರ್, ಗೈಡ್‌ವೈರ್, ಅಂಟು ಇವು ಅದರ ಹೊರಗೆ ಎಂಬುದು ಅಂತಿಮ ಬಿಲ್ ಕೈಗೆ ಬಂದಾಗಲೇ ತಿಳಿದದ್ದು. ಒಮ್ಮೆ ಬಳಸಿ ಬಿಸಾಡುವ ಈ ಸಾಮಗ್ರಿಗಳ ಮೊತ್ತವೇ ಹಾಸಿಗೆ ಬಾಡಿಗೆಯನ್ನು ಮೀರಿತ್ತು. ವಿಮೆಯವರೂ ಅದನ್ನೇ ಹಿಡಿದುಕೊಂಡರು. ನೆತ್ತಿಯ ಗಂಟು ತೆಗೆಯುವುದು ಸೌಂದರ್ಯದ ಚಿಕಿತ್ಸೆಯಲ್ಲವೇ ಎಂಬ ಅವರ ಪ್ರಶ್ನೆಗೆ ಉತ್ತರವಾಗಿ, ರಕ್ತಸ್ರಾವದ ಅಪಾಯವನ್ನು ವಿವರಿಸುವ ಪತ್ರವನ್ನು ರೇಡಿಯಾಲಜಿಯ ವೈದ್ಯರು ಅಂದೇ ಬರೆದುಕೊಟ್ಟರು. ಅದು ಆಸ್ಪತ್ರೆಯ ಕಚೇರಿ ಮಾಡಬೇಕಾಗಿದ್ದ ಕೆಲಸ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಂಬೋಲೈಸೇಶನ್ ಮಾಡಲಾಗಿದೆ ಎಂಬ ಒಂದೇ ಸಾಲಿತ್ತು. ಯಾವ ನಾಳಗಳನ್ನು ಮುಚ್ಚಿದರು, ಯಾವ ವಸ್ತುವಿನಿಂದ, ಯಾವುದನ್ನು ಬಿಟ್ಟರು ಎಂಬ ವಿವರ ಇರಲಿಲ್ಲ. ಗಂಟು ಮರುಕಳಿಸಿದರೆ ಮುಂದಿನ ವೈದ್ಯರಿಗೆ ಮೊದಲು ಬೇಕಾಗುವುದು ಇದೇ. ಅವರು ಬೇರೆ ಊರಿನವರೂ ಆಗಿರಬಹುದು. ಪಟ್ಟು ಹಿಡಿದು ಕೇಳಿದ ಮೇಲೆ ಕ್ಯಾತ್ ಲ್ಯಾಬಿನ ಪೂರ್ಣ ಟಿಪ್ಪಣಿಯನ್ನೂ ಆಂಜಿಯೋಗ್ರಾಂ ಚಿತ್ರಗಳ ಸಿಡಿಯನ್ನೂ ಕೊಟ್ಟರು. ತೆಗೆದ ಗಂಟಿನ ಪೆಥಾಲಜಿ ವರದಿಯನ್ನು ಅಂಚೆಯಲ್ಲಿ ಕಳಿಸುತ್ತೇವೆಂದವರು ಕಳಿಸಲಿಲ್ಲ. ಮರುತಪಾಸಣೆಗೆ ಹೋದಾಗ ನಾವೇ ಪಡೆದುಕೊಂಡೆವು.

ಮರುತಪಾಸಣೆಯ ಡಾಪ್ಲರ್‌ನಲ್ಲಿ ವೇಗದ ಹರಿವು ಕಾಣಲಿಲ್ಲ. ಎಡಗಡೆಯಿಂದ ಬರುತ್ತಿದ್ದ ನಾಳ ಇನ್ನೂ ಸ್ವಲ್ಪ ದಪ್ಪಗಿದೆ, ಅದರ ಮೇಲೆ ಕಣ್ಣಿಡಬೇಕು, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರೆ. ತಮ್ಮ ಹೋಗುತ್ತಾನೆ, ಅಲ್ಲಿಗೇ ಹೋಗುತ್ತಾನೆ. ತಲೆಯ ಮೇಲೆ ಮಿಡಿಯುವ ಗಂಟಿರುವ ಯಾರಿಗಾದರೂ ಇಂಥ ಕೂಡುವಿಭಾಗವಿರುವ ಆಸ್ಪತ್ರೆಯನ್ನೇ ನಾನು ಸೂಚಿಸುತ್ತೇನೆ. ಹೋಗುವಾಗ ಹಳೆಯ ಸ್ಕ್ಯಾನ್‌ಗಳ ವರದಿಯಷ್ಟೇ ಅಲ್ಲದೆ ಚಿತ್ರಗಳನ್ನೂ ಒಯ್ಯಿರಿ, ದಾಖಲಾಗುವ ಮುನ್ನವೇ ಸಾಮಗ್ರಿಗಳ ಅಂದಾಜನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿರಿ, ಕ್ಯಾತ್ ಲ್ಯಾಬ್ ಟಿಪ್ಪಣಿ ಕೈಗೆ ಬರುವವರೆಗೆ ಬಿಲ್ಲಿಂಗ್ ಕೌಂಟರ್ ಬಿಟ್ಟು ಕದಲಬೇಡಿರಿ.